ಬಲಗೈಗೆ ಗಡಿಯಾರ ಕಟ್ಟುವ ಸೊಸೆ

ನಾಟಕದ ಪುಸ್ತಕ ಕೊಡದೆ ನನ್ನ ಪಾರ್ಟನ್ನಷ್ಟೇ ಬರೆದು ಕಳಿಸಿದಾಗಲೇ ನನಗೆ ಅನುಮಾನ ಬಂದಿತ್ತು.

ಹಳ್ಳಿಗಳಲ್ಲಿ ಊರವರು ಸೇರಿ ಆಡುವ ಸಾಮಾಜಿಕ ನಾಟಕಗಳಿಗೆ ಹೆಣ್ಣು ಪಾತ್ರ ಮಾಡಲು ಹೋಗುವವಳು ನಾನು. ಮನೆ ಗೋಕಾಕದಲ್ಲಿ. ಊರಿನ ಗಂಡಸರು ತಿಂಗಳುಗಟ್ಟಲೆ ತಾಲೀಮು ಮಾಡಿರುತ್ತಾರೆ. ಅಲ್ಲಿಯವರೆಗೆ ನಮ್ಮ ಮಾತನ್ನು ಯಾವನೋ ಮೀಸೆಯವನು ಹೆಣ್ಣುದನಿ ಮಾಡಿ ಓದುತ್ತಿರುತ್ತಾನೆ. ನಾವು ನಾಟಕದ ದಿನ ಬೆಳಿಗ್ಗೆ ಹೋಗಿ, ಒಂದೇ ಒಂದು ತಾಲೀಮು ಮುಗಿಸಿ, ಸಂಜೆ ಬಣ್ಣ ಹಚ್ಚಿಕೊಂಡು ನಿಂತುಬಿಡುತ್ತೇವೆ. ಇದು ನಡೆಯುವುದು ಹೇಗೆಂದರೆ, ಆಡುವ ನಾಟಕಗಳೆಲ್ಲ ಅಚ್ಚಾದ ಹಳೆಯ ಪುಸ್ತಕಗಳು. ಯಾವ ಅತ್ತೆ ಯಾವಾಗ ಅಳುತ್ತಾಳೆ, ಯಾವ ಸಾವುಕಾರ ಯಾವಾಗ ಕುಡಿದು ಬರುತ್ತಾನೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಇದು ಮಾತ್ರ ಹೊಸ ನಾಟಕ. ಮೂಡಲಗಿ ತಾಲೂಕಿನ ಒಂದು ಊರಿನಲ್ಲಿ ಹಾಲಿನ ಸಂಘದ ಹೊಸ ಕಟ್ಟಡದ ಉದ್ಘಾಟನೆ ಇತ್ತು. ಅದಕ್ಕಾಗಿ ಅದೇ ಊರಿನ ಮಾಸ್ತರರೊಬ್ಬರು ಬರೆದದ್ದು. ಊರ ಹೆಸರು ಇಲ್ಲಿ ಬೇಡ. ನಮ್ಮ ಕಡೆ ನಾಟಕ ಬರೆದವರನ್ನು ಕವಿಗಳು ಎಂದೇ ಕರೆಯುವುದರಿಂದ ಅವರನ್ನು ನಾನೂ ಕವಿಗಳು ಎಂದೇ ಕರೆಯುತ್ತೇನೆ. ನಾಟಕಕ್ಕೂ ಒಂದು ಹೆಸರಿತ್ತು. ಸೊಸೆಯನ್ನು ಬೈಯುವಂಥ ಹೆಸರು ಅಂದುಕೊಳ್ಳಿ, ಸಾಕು.

“ಬುಕ್ ಕಳಸ್ರಿ ಸರ್. ಪೂರಾ ಓದದ ನಾ ಹೆಂಗ ನಿಲ್ಲಲಿ?” ಎಂದು ಫೋನಿನಲ್ಲಿ ಕೇಳಿದೆ.

“ನಿಮ್ಮ ಪಾರ್ಟ್ ಬರದ ಕಳಸೇನಲ್ರಿ ಅಕ್ಕಾರ. ಬುಕ್ ಯಾಕ ಬೇಕು? ಹೊಸಾ ಕಥಿ ಐತಿ, ಹೊರಗ ಹೋಗಬಾರದು.”

ಫೋನಿಗೆ ಬಂದ ಹಾಳೆಗಳಲ್ಲಿ ನನ್ನ ಮಾತುಗಳಿದ್ದವು. ಎದುರಿನವರ ಮಾತಿನ ಕೊನೆಯ ಎರಡು ಮೂರು ಶಬ್ದ ಮಾತ್ರ ಇದ್ದವು. ಎಲ್ಲಿ ನಾನು ಬಾಯಿ ತೆರೆಯಬೇಕು ಎಂದು ತಿಳಿಯಲು ಅಷ್ಟು ಸಾಕಾಗುತ್ತದೆ. ಆದರೆ ಎದುರಿನವರು ನನಗೆ ಏನಂದರು ಎಂಬುದು ತಿಳಿಯುವುದಿಲ್ಲ. ನನ್ನ ಪಾತ್ರ ಒಬ್ಬ ಸೊಸೆ. ಗಂಡ ಸತ್ತಿದ್ದಾನೆ, ಹೊರಗೆ ದುಡಿಯುತ್ತಾಳೆ, ಕೊನೆಯಲ್ಲಿ ಸತ್ತ ಅತ್ತೆಯ ಕಾಲು ಹಿಡಿದು ತಪ್ಪಾಯಿತೆಂದು ಅತ್ತು ವಿಷ ಕುಡಿಯುತ್ತಾಳೆ. ಇಂಥ ಸೊಸೆಯಂದಿರನ್ನು ಎಷ್ಟೋ ಸಲ ಸಾಯಿಸಿದ್ದೇನೆ. ನಾನು ಸತ್ತು ಬಿದ್ದಾಗ ಹೆಂಗಸರ ಕಡೆಯಿಂದ ಬಿಕ್ಕಳಿಕೆ ಕೇಳಿಸದಿದ್ದರೆ ನನಗೆ ಸಮಾಧಾನವೇ ಆಗುವುದಿಲ್ಲ.

ಮರುದಿನ ಕವಿಗಳು ಮತ್ತೆ ಫೋನು ಮಾಡಿದರು. ಉಡುಪಿನ ಬಗ್ಗೆ ಹೇಳುವುದಿತ್ತಂತೆ.

“ಬಿಳಿ ಸೀರಿ ಬ್ಯಾಡ್ರಿ. ನೀಲಿ ಸೀರಿ ಉಡ್ರಿ, ಮ್ಯಾಲೊಂದು ಉದ್ದ ತೋಳಿನ ಸ್ವೆಟರ್. ಮತ್ತ ಬಲಗೈಯಾಗ ಗಡಿಯಾರ ಕಟ್ರಿ.”

“ಬಲಗೈಯಾಗ ಯಾಕ್ರಿ?”

“ಪಾತ್ರಕ್ಕ ಬೇಕು.”

ಅಷ್ಟೇ ಹೇಳಿ ಇಟ್ಟುಬಿಟ್ಟರು. ನನಗೆ ಅದು ಗಂಟಲಲ್ಲಿ ಸಿಕ್ಕ ಮುಳ್ಳಾಯಿತು. ನಮ್ಮ ನಾಟಕಗಳಲ್ಲಿ ವಿಧವೆಗೆ ಬಿಳಿ ಸೀರೆ, ಸಾವುಕಾರನಿಗೆ ಕೋಟು, ಕುಡುಕನಿಗೆ ಹೆಗಲ ಮೇಲೊಂದು ಟಾವೆಲ್. ಯಾವ ಕವಿಯೂ ಪಾತ್ರ ಯಾವ ಕೈಗೆ ಗಡಿಯಾರ ಕಟ್ಟುತ್ತದೆ ಎಂದು ಯೋಚಿಸಿದ್ದು ನಾನು ಕಂಡಿಲ್ಲ. ಇಷ್ಟು ನೆನಪಿಟ್ಟು ಹೇಳಬೇಕಾದರೆ ಆ ಗಡಿಯಾರವನ್ನು ಇವರು ಯಾರದೋ ಕೈಯಲ್ಲಿ ನೋಡಿರಲೇಬೇಕು.

ಅನುಮಾನ ನನ್ನ ಚಟವಲ್ಲ, ಕಸುಬು. ಬಾಡಿಗೆ ಮನೆ ಕೇಳಲು ಹೋದರೆ ಜನರಿಗೆ ನಮ್ಮ ಮೇಲೆ ಅನುಮಾನ. ಬಣ್ಣ ಹಚ್ಚಲು ಹೋದರೆ ನಮಗೆ ಜನರ ಮೇಲೆ ಅನುಮಾನ. ನನ್ನ ಮಗಳು ಕಾಲೇಜಿನಲ್ಲಿ ನಮ್ಮವ್ವ ಬಟ್ಟೆ ಹೊಲೀತಾಳ ಎಂದು ಹೇಳಿಕೊಂಡಿದ್ದಾಳೆ. ನಾನೇನೂ ಬೈಯಲಿಲ್ಲ. ಹೊಲಿಗೆ ಮಷೀನು ಮನೆಯಲ್ಲಿದೆ, ನನ್ನ ಜಂಪರುಗಳನ್ನು ನಾನೇ ಹೊಲಿದುಕೊಳ್ಳುತ್ತೇನೆ.

ನಾಟಕದ ದಿನ ಮೇಲವಂಕಿ ದಾಟಿ ಬಸ್ಸು ಇಳಿದು ಟಂಟಂ ಆಟೋ ಹಿಡಿದು ಆ ಊರು ಸೇರಿದೆ. ನನ್ನ ಜೊತೆ ಇನ್ನೊಬ್ಬ ಕಲಾವಿದೆ ಇದ್ದಳು. ಹುಕ್ಕೇರಿಯವಳು, ಅತ್ತೆಯ ಪಾರ್ಟು ಅವಳದು. ಪೇಟಿ ಬಾರಿಸಲು ಕೊಣ್ಣೂರಿನಿಂದ ನನಗೆ ಹಳೆಯ ಪರಿಚಯದ ಪೇಟಿ ಮಾಸ್ತರರು ಬಂದಿದ್ದರು. ಪೇಟಿ ಮಾಸ್ತರರು ಅಂದರೆ ಬರೀ ಹಾರ್ಮೋನಿಯಂ ಬಾರಿಸುವವರಲ್ಲ. ಮಾತು ಮರೆತವನನ್ನು ಸ್ವರ ಹಿಡಿದು ಉಳಿಸುವವರು, ಮಾತು ಎಳೆದವನನ್ನು ಹಾಡು ಎತ್ತಿ ನಿಲ್ಲಿಸುವವರು ಅವರೇ.

ಸಾಲೆಯ ಕೋಣೆಯಲ್ಲಿ ತಾಲೀಮು ಶುರುವಾಯಿತು. ಎದುರಿನವರು ನನಗೆ ಏನನ್ನುತ್ತಾರೆ ಎಂಬುದನ್ನು ಆಗ ಮೊದಲ ಸಲ ಕೇಳಿದೆ. ಮೈದುನನ ಪಾರ್ಟಿನ ಹುಡುಗ ಎದೆ ಸೆಟೆದು ಬಂದು ಹೇಳಿದ: “ಹಾಲಿನ ಮಷೀನ್ ಮುಂದ ಕುಂತು ಊರ ಗಂಡಸರ ಮುಖಾ ಅಳಿಯಾಕಿ ನೀನು! ಹಾಲಿನ ಗಾಡಿ ಡ್ರೈವರ್ ಜೋಡಿ ನಗೂದೇನು, ನುಲಿಯೂದೇನು!” ನನ್ನ ಹಾಳೆಯಲ್ಲಿ ‘ನಗೂದೇನು, ನುಲಿಯೂದೇನು’ ಎಂಬುದಷ್ಟೇ ಇತ್ತು. ಅದಕ್ಕೆ ನಾನು ತಲೆ ತಗ್ಗಿಸಿ “ಹೌದು, ನಾ ಪಾಪಿ” ಎನ್ನಬೇಕು. ಸೊಸೆ ಮಷೀನು ಇಟ್ಟುಕೊಂಡು ಹಾಲು ಪರೀಕ್ಷೆ ಮಾಡುವವಳು ಎಂದು ನನಗೆ ಗೊತ್ತಾದದ್ದೇ ಆಗ.

ಮುಂದಿನ ದೃಶ್ಯದಲ್ಲಿ ನನ್ನದೊಂದು ಮಾತಿತ್ತು: “ನಿಮ್ಮ ಹಾಲು ನೀರಾಗ್ಯಾವು, ವಾಪಸ್ ಒಯ್ರಿ.” ಇದರಲ್ಲಿ ನಗುವಂಥದ್ದು ಏನಿದೆ ಹೇಳಿ? ಆದರೆ ನಾನು ಅಂದ ಕೂಡಲೇ ಕೋಣೆಯಲ್ಲಿದ್ದ ಹುಡುಗರೆಲ್ಲ ಕಿಸಕ್ಕನೆ ನಕ್ಕು, ಕಳ್ಳಗಣ್ಣಿನಲ್ಲಿ ಕವಿಗಳ ಕಡೆ ನೋಡಿದರು. ಕವಿಗಳು ನಗಲಿಲ್ಲ. ಮುಖ ಕೆಂಪಾಗಿತ್ತು.

“ಏ, ಲಕ್ಷ್ಯ ಕೊಟ್ಟ ಮಾಡ್ರಿ!” ಎಂದು ಮೇಜು ಬಡಿದರು.

ಇದರಲ್ಲಿ ಏನೋ ಕರಾಮತಿ ಇದೆ ಎಂದು ನನಗೆ ಖಾತ್ರಿಯಾಯಿತು. ಪಕ್ಕದಲ್ಲಿ ಕುಳಿತು ಫೋನು ನೋಡುತ್ತಿದ್ದ ಹುಕ್ಕೇರಿಯವಳ ಕಿವಿಯಲ್ಲಿ ಹೇಳಿದರೆ ಅವಳು ತಲೆ ಎತ್ತಲಿಲ್ಲ.

“ನಮಗ್ಯಾಕ ಬೇಕವ್ವಾ ಮಂದೀ ಉಸಾಬರಿ? ಬಣ್ಣಾ ಹಚ್ಚೂದು, ಬಣ್ಣಾ ತೊಳಿಯೂದು, ಬಸ್ ಹತ್ತೂದು.”

ಈ ಕೆಲಸದಲ್ಲಿ ಬಾಳುವ ದಾರಿ ಅದೇ ಎಂಬುದು ನನಗೂ ಗೊತ್ತು. ಹೊಸ ಊರಿಗೆ ಬಂದ ಪಾತ್ರಧಾರಿಗೆ ಯಾರ ಗುರುತೂ ಇರುವುದಿಲ್ಲ, ಮಾತು ಕೊಟ್ಟರೆ ಆಡುತ್ತಾಳೆ, ಹೋಗುತ್ತಾಳೆ. ಅದನ್ನು ನಂಬಿಯೇ ಕವಿಗಳು ನನ್ನನ್ನು ಕರೆದದ್ದು. ಅವರು ಮರೆತದ್ದು ಒಂದೇ, ಹೊರಗಿನಿಂದ ಬಂದ ಪಾತ್ರಧಾರಿ ಆ ಊರಿನಲ್ಲಿ ಎಲ್ಲಿಯಾದರೂ ಊಟ ಮಾಡಲೇಬೇಕು. ಕಲಾವಿದೆಯರ ಊಟ ಊರಿನ ಯಾವುದಾದರೂ ಒಂದು ಮನೆಯಲ್ಲಿ ನಡೆಯುವುದು ನಮ್ಮ ಕಡೆಯ ರೂಢಿ. ಯಾವ ಮನೆ ಎಂದು ಗಂಡಸರು ತಲೆ ಕೆಡಿಸಿಕೊಳ್ಳುವುದಿಲ್ಲ. ಯಾವ ಹೆಂಗಸು ಮುಂದೆ ಬಂದು ಕರೆಯುತ್ತಾಳೋ ಅವಳ ಮನೆ.

ತಾಲೀಮು ಮುಗಿಯುವ ಹೊತ್ತಿಗೆ ಸಾಲೆಯ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಮೂವತ್ತರ ಆಚೀಚೆ, ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಿದ್ದಳು.

“ಬರ್ರಿ ಅಕ್ಕಾರ, ನಮ್ಮ ಮನ್ಯಾಗ ಊಟಾ ಮಾಡೂರಂತ.”

ಹುಕ್ಕೇರಿಯವಳಿಗೆ ಯಾರೋ ದೂರದ ಬೀಗರು ಸಿಕ್ಕು ಅವಳು ಅತ್ತ ಹೋದಳು. ನಾನೊಬ್ಬಳೇ ಹೋದೆ. ಕವಿಗಳು ಆಗ ಮಂಟಪ ಕಟ್ಟುವವರ ಜೊತೆ ಜಗಳದಲ್ಲಿದ್ದರು, ನೋಡಲಿಲ್ಲ.

ಮನೆ ಸಣ್ಣದು. ದೊಡ್ಡ ಮನೆಯನ್ನು ಗೋಡೆ ಹಾಕಿ ಎರಡು ಪಾಲು ಮಾಡಿದ್ದು ನೋಡಿದರೆ ತಿಳಿಯುತ್ತಿತ್ತು. ಅಂಗಳ ಮಾತ್ರ ಒಂದೇ. ಹಿತ್ತಲ ಬಾಗಿಲ ಹತ್ತಿರ ಒಬ್ಬ ಮುದುಕಿ ಕುಳಿತು ಬಳ್ಳೊಳ್ಳಿ ಸುಲಿಯುತ್ತಿದ್ದಳು. ಹಣೆಯಲ್ಲಿ ವಿಭೂತಿ. ನಾನು “ಶರಣ್ರಿ ಯಮ್ಮಾ” ಅಂದೆ. ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಮತ್ತೆ ಬಳ್ಳೊಳ್ಳಿಗೆ ಕೈ ಹಾಕಿದಳು.

“ನಮ್ಮ ಅತ್ತಿ. ಮಾತ ಕಮ್ಮಿ ಆಡ್ತಾರ,” ಅಂದಳು ಸೊಸೆ.

ರೊಟ್ಟಿ, ಮಡಿಕೆಕಾಳಿನ ಪಲ್ಯ, ಮೊಸರು ಬಡಿಸಿದಳು. ಬಡಿಸುವಾಗ ಸೆರಗು ಸರಿಯಿತು. ಬಲಗೈಯಲ್ಲಿ ಗಡಿಯಾರವಿತ್ತು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

“ಎಡಗೈಯಾಗ ಕಟ್ಟೂದಿಲ್ಲೇನ್ರಿ?” ಎಂದು ಸುಮ್ಮನೆ ಕೇಳಿದಂತೆ ಕೇಳಿದೆ.

ಅವಳು ಎಡಗೈಯ ಮೇಲಿನ ಸೆರಗು ಸರಿಸಿದಳು. ಮಣಿಕಟ್ಟಿನ ಮೇಲೆ ಉದ್ದನೆಯ ಹೊಲಿಗೆಯ ಗುರುತು. “ಒಳಗ ರಾಡ್ ಹಾಕ್ಯಾರ್ರಿ. ಕಬ್ಬಿನ ಟ್ರ್ಯಾಕ್ಟರ್ ಹಾದಾಗ ನಮ್ಮ ಮನಿಯವರ ಗಾಡಿ ಮ್ಯಾಲ ನಾನೂ ಇದ್ದೆ. ಅವರು ಹೋದ್ರು, ನಾ ಉಳದೆ. ಡೇರ್‍ಯಾಗ ಹಾಲ ಟೆಸ್ಟ್ ಮಾಡೂ ಕೆಲಸಾ ಅವರದಿತ್ತು. ಈಗ ನಾ ಮಾಡ್ತೇನಿ. ಮಗಳ ಸಾಲೀ, ಅತ್ತೀ ಔಷಧಾ ಎಲ್ಲಾ ಅದರಾಗ ನಡೀಬೇಕು.”

ಚಳಿಗಾಲದ ಬೆಳಗಿನ ಜಾವದಲ್ಲಿ ಹಾಲಿಗೆ ಹೋಗುವವಳು, ಸ್ವೆಟರ್ ಯಾಕೆ ಎಂಬುದೂ ಈಗ ತಿಳಿಯಿತು. ಅವಳು ನನ್ನ ಎದುರು ಕುಳಿತಳು. ಮುದುಕಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

“ನಾಟಕಾ ಬರದವರು ನಮ್ಮ ಮೈದುನ. ಗ್ವಾಡೀ ಆಚಿ ಮನಿ ಅವರದಾ. ಸಂಜೀಕ ನಾಟಕ ನೋಡಾಕ ಬರಬ್ಯಾಡ ಅಂತ ನನಗ ಹೇಳಿ ಕಳಿಸ್ಯಾರ. ಊರಿಗೆ ಊರ ಕರದಾರ, ನನಗಷ್ಟ ಬ್ಯಾಡ ಅಂತಾರ. ನಾಳೆ ಸಂಘದ ಮೀಟಿಂಗ್ ಐತಿ. ಹೊಸಾ ಕಟ್ಟಡದಾಗ ಹೊಸಾ ಮಷೀನ್ ಬರ್ತೈತಿ, ಅದಕ್ಕ ನನ್ನ ಇಟ್ಟಕೋಬೇಕೋ ಬಿಡಬೇಕೋ ಅಂತ ಠರಾವು ಮಾಡ್ತಾರ. ಮೈದುನ ತನ್ನ ಹೇಣ್ತಿ ತಮ್ಮನ್ನ ತರಬೇಕಂತ ಹತ್ಯಾರ. ಮೊನ್ನೆ ಎಲ್ಲಾರ ಮುಂದ ಅವರ ಮನೀ ಹಾಲು ನೀರೈತಿ ಅಂತ ವಾಪಸ್ ಕಳಸೇನಿ, ಆ ಸಿಟ್ಟೂ ಐತಿ.” ಇನ್ನಷ್ಟು ಹತ್ತಿರ ಸರಿದು ಕೇಳಿದಳು: “ಖರೆ ಹೇಳ್ರಿ ಅಕ್ಕಾರ. ಸಂಜೀಕ ನಿಮ್ಮ ಪಾರ್ಟ್ ಯಾರದು?”

ಊಟಕ್ಕೆ ಕರೆದದ್ದು ಅದಕ್ಕೇ! ಅವಳಿಗೂ ಅನುಮಾನ. ನನ್ನ ಬಾಯಿಯಿಂದ ಹೊರಡಿಸಲೆಂದೇ ರೊಟ್ಟಿ ಬಡಿದಿದ್ದಾಳೆ. ಮೊದಲು ನನಗೆ ಸಿಟ್ಟೇ ಬಂತು. ಆಮೇಲೆ ಯಾಕೆ ಬರಬೇಕು ಅನ್ನಿಸಿತು, ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಹೇಗೆ ಹೇಳಲಿ? ಹಿತ್ತಲ ಬಾಗಿಲಲ್ಲಿ ಮುದುಕಿಯ ಕೈ ನಿಂತಿತ್ತು. ಬಳ್ಳೊಳ್ಳಿ ಸುಲಿಯುವ ಸದ್ದಿಲ್ಲ. ಕಿವಿ ಇತ್ತಲೇ ಇದೆ. ಕವಿಯ ತಾಯಿ ತಾನೆ ಇವಳು, ಒಂದು ಮಾತು ಆಡಿದರೂ ಗೋಡೆ ಆಚೆ ಮುಟ್ಟಿಸುತ್ತಾಳೆ ಅಂದುಕೊಂಡೆ. ಅದಕ್ಕೇ ಚೀಲದಿಂದ ಗಡಿಯಾರ ತೆಗೆದು ನನ್ನ ಬಲಗೈಗೆ ಕಟ್ಟಿ ತೋರಿಸಿದೆ.

ಅವಳು ನೋಡಿದಳು. ಆಮೇಲೆ ಎದ್ದು ನನ್ನ ತಾಟು ಎತ್ತಿಕೊಂಡು ಒಳಗೆ ಹೋದಳು. ಅಲ್ಲಿ ಪಾತ್ರೆಗಳ ಸದ್ದು ಬೇಕಾದದ್ದಕ್ಕಿಂತ ಜೋರಾಗಿತ್ತು.

ಹೊರಗೆ ಬಂದವಳೇ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ನಿಲ್ಲುವ ಕಡೆ ನಡೆದೆ. ಈ ಪಾರ್ಟು ನಾನು ಮಾಡುವುದಿಲ್ಲ, ಹೋಗಿಬಿಡುತ್ತೇನೆ. ದಾರಿಯಲ್ಲಿ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಪೇಟಿ ಮಾಸ್ತರರು ಕರೆದರು. ಎಲ್ಲವನ್ನೂ ಅವರಿಗೆ ಒಂದೇ ಉಸಿರಿನಲ್ಲಿ ಹೇಳಿದೆ.

“ಹೋಗವ್ವಾ. ಹೋಗು. ನೀ ಹೋದ್ರ ಮೂಡಲಗಿಯಿಂದ ಇನ್ನೊಬ್ಬಾಕಿ ಐದಕ್ಕ ಬರ್ತಾಳ. ಆಕಿಗೆ ಇದ್ಯಾವದೂ ಗೊತ್ತಿರೂದಿಲ್ಲ, ಛಲೋತ್ನಂಗ ಮಾಡ್ತಾಳ,” ಅಂದರು.

ನಾನು ಅಲ್ಲೇ ಕುಳಿತೆ. ಅವರು ಹೇಳಿದ್ದು ನಿಜ. ನಮ್ಮ ಹಳ್ಳಿಗಳಲ್ಲಿ ಒಂದು ಸಲ ಪಾತ್ರ ಅಂಟಿದರೆ ಸಾಯುವವರೆಗೆ ಬಿಡುವುದಿಲ್ಲ. ಮೀಟಿಂಗಿನಲ್ಲಿ ಯಾರೂ ಯಾವ ತಪ್ಪನ್ನೂ ಹೇಳಬೇಕಾಗಿಲ್ಲ, ಊರೆಲ್ಲ ನಕ್ಕಿದೆ ಎಂಬುದೊಂದೇ ಸಾಕು. ಹೆಸರು ಕೆಟ್ಟವಳಿಗೆ ಹಾಲು ಹಾಕುವುದಿಲ್ಲ ಎಂದು ನಾಲ್ಕು ಜನ ಅಂದರೆ ಮುಗಿಯಿತು. ಕವಿಗಳು ಆ ಹೆಂಗಸಿನ ಬಗ್ಗೆ ಒಂದು ಮಾತೂ ಆಡಿರುವುದಿಲ್ಲ. ಎಲ್ಲ ಪಾತ್ರಗಳು ಆಡಿರುತ್ತವೆ. ಕೇಳಿದರೆ ಇದು ಬರೀ ಕಥೆ, ಕುಂಬಳಕಾಯಿ ಕಳ್ಳ ಅಂದ್ರ ನಿಮ್ಮ ಹೆಗಲು ನೀವ್ಯಾಕ ಮುಟ್ಟಿ ನೋಡ್ಕೋತೀರಿ ಎನ್ನುತ್ತಾರೆ. ಎಂಥ ಜಾಣತನ! ನನಗೆ ಆ ಮನುಷ್ಯನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂದಿತ್ತು.

“ಮತ್ತ ಏನ ಮಾಡ್ಲಿ ಕಾಕಾ?”

“ನಾಟಕಾ ನಡುವ ನಿಂದರಸೂ ಹಕ್ಕು ಯಾರಿಗೈತಿ? ಕವಿಗಿಲ್ಲ, ನನಗಿಲ್ಲ. ಆಯೇರಿ ಮಾಡಾಕ ಬಂದವರಿಗೆ ಐತಿ.”

ಆಯೇರಿ ಅಂದರೆ ಪಾತ್ರ ಮೆಚ್ಚಿದವರು ನಾಟಕದ ನಡುವೆಯೇ ವೇದಿಕೆ ಹತ್ತಿ ಪಾತ್ರಧಾರಿಗೆ ಕೊಡುವ ಉಡುಗೊರೆ. ಅಳುತ್ತಿದ್ದವರು ಅಳು ನಿಲ್ಲಿಸಬೇಕು, ಸತ್ತವರು ಎದ್ದು ಕೈ ಮುಗಿಯಬೇಕು. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗಲೇಬೇಕು. ಆ ಸೊಸೆಯೇ ಬಂದು ನನಗೆ ಆಯೇರಿ ಮಾಡಿ, ಊರಿನ ಎದುರು ಅವಳ ಸ್ವಂತ ಹೆಸರು ಮರ್ಯಾದೆಯಿಂದ ಮೈಕಿನಲ್ಲಿ ಬಂದರೆ, ಪಾತ್ರ ಬೇರೆ ಅವಳು ಬೇರೆ ಎಂದು ಎಲ್ಲರೂ ಕಣ್ಣಾರೆ ಕಾಣುತ್ತಾರೆ. ಆ ಕ್ಷಣಕ್ಕೆ ನಾನು ಮಾತು ನಿಲ್ಲಿಸಿದರೆ ಪೇಟಿ ಬಾರಿಸುತ್ತ ನಾಟಕ ತಡೆದು ಹಿಡಿಯುವುದು ಅವರ ಕೆಲಸ ಎಂದು ಮಾತಾಯಿತು.

ತಿರುಗಿ ಆ ಮನೆಗೆ ಹೋದೆ. ಅವಳು ಸಂಜೆಯ ಹಾಲಿಗೆ ಹೊರಟಿದ್ದಳು. ಅಂಗಳದಲ್ಲೇ ನಿಲ್ಲಿಸಿ ಹೇಳಿದೆ. ಅವಳು ಕೇಳಿಸಿಕೊಂಡಳು. ಕಣ್ಣಲ್ಲಿ ನಂಬಿಕೆ ಇರಲಿಲ್ಲ.

“ನೀವೂ ಅವರ ಕಡಿಯವರಲ್ಲ ಅಂತ ನಾ ಹೆಂಗ ನಂಬಲಿ? ಸ್ಟೇಜ್ ಮ್ಯಾಲ ಕರದು ಎಲ್ಲಾರ ಮುಂದ ಇನ್ನಟ ನಗಸಾಕ ಇದೂ ಒಂದ ಆಟಾ ಇರಬೌದು.”

“ನಂಬಬ್ಯಾಡ್ರಿ. ನಾನೂ ಯಾರನ್ನೂ ನಂಬೂದಿಲ್ಲ. ಕಡೀ ಸೀನಿನ್ಯಾಗ ಬಾಟ್ಲಿ ಕೈಯಾಗ ಹಿಡದು ನಾ ನಿಂತಿರ್ತೇನಿ. ಬಂದ್ರ ಬರ್ರಿ, ಬಿಟ್ರ ಬಿಡ್ರಿ,” ಅಂದೆ.

ಅವಳು ಡೇರಿಯ ದಾರಿ ಹಿಡಿದಳು. ಮುದುಕಿ ಕಟ್ಟೆಯ ಮೇಲೆ ಕುಳಿತು ನನ್ನನ್ನೇ ದಿಟ್ಟಿಸುತ್ತಿದ್ದಳು. ಇನ್ನು ಅರ್ಧ ತಾಸಿನಲ್ಲಿ ಕವಿಗಳಿಗೆ ಸುದ್ದಿ ಮುಟ್ಟುತ್ತದೆ, ನನ್ನನ್ನು ಊರು ಬಿಡಿಸುತ್ತಾರೆ ಎಂದು ಕಾದೆ. ಯಾರೂ ಬರಲಿಲ್ಲ. ಬಾರದೆ ಇದ್ದದ್ದಕ್ಕೂ ನನಗೆ ಅನುಮಾನವೇ ಆಯಿತು.

ಮೈಕಿನ ಪರವಾನಗಿ ಹತ್ತರವರೆಗೆ ಮಾತ್ರ ಇದ್ದುದರಿಂದ ನಾಟಕ ಬೇಗ ಶುರುವಾಯಿತು. ಬಣ್ಣದ ಕೋಣೆ ಹೊಸ ಡೇರಿಯ ಕಟ್ಟಡದಲ್ಲೇ ಇತ್ತು. ನಾನು ಹಸಿರು ಸೀರೆ ಉಟ್ಟು, ಸ್ವೆಟರ್ ಇಲ್ಲದೆ, ಬರಿಗೈಯಲ್ಲಿ ಕುಳಿತಿದ್ದೆ. ಕವಿಗಳು ಬಂದರು.

“ಗಡಿಯಾರ ಎಲ್ಲೈತ್ರಿ?”

“ಬ್ಯಾಟರಿ ಸತ್ತೈತ್ರಿ ಸರ್.”

“ಸತ್ರ ಏನಾತು? ಟೈಂ ನೋಡಾಕ ಬೇಕಾಗೈತೇನು ನಿಮಗ?” ಎಂದು ತಮ್ಮ ಕೈಯ ಗಡಿಯಾರವನ್ನೇ ಬಿಚ್ಚಿ ಕೊಟ್ಟರು. ಇಸಿದುಕೊಂಡೆ. ಅವರ ಎದುರು ಬಲಗೈಗೆ ಕಟ್ಟಿದೆ, ಪರದೆ ಸರಿಯುವ ಮೊದಲು ಬಿಚ್ಚಿ ಪೇಟಿಯ ಮೇಲೆ ಇಟ್ಟೆ. ಪೇಟಿ ಮಾಸ್ತರರು ಅದನ್ನು ಜೇಬಿಗೆ ಹಾಕಿಕೊಂಡರು.

ಇಷ್ಟು ಮಾಡಿದರೆ ಜನರಿಗೆ ಗುರುತು ಸಿಗುವುದಿಲ್ಲ ಎಂದುಕೊಂಡಿದ್ದೆ. ಎಂಥ ಹುಚ್ಚು ನನ್ನದು! ಮೈದುನನ ಪಾರ್ಟಿನ ಹುಡುಗ ಬರೆಯದ ಮಾತನ್ನೂ ಸೇರಿಸಿದ: “ಬಲಗೈ ಗಡಿಯಾರದಾಕೀ!” ಮಂದಿ ಹೋ ಎಂದಿತು. ಸೀಟಿ ಬಿದ್ದವು. ಗಂಡಸರ ಕಡೆಯಿಂದ ತಲೆಗಳು ಹೆಂಗಸರ ಕಡೆ ತಿರುಗಿ ಯಾರನ್ನೋ ಹುಡುಕಿದವು. ಪ್ರತಿ ದೃಶ್ಯದಲ್ಲೂ ಹಾಗೆಯೇ. ನಾನು ಎಷ್ಟು ಮೆಲ್ಲಗೆ ಆಡಿದರೂ, ತಲೆ ತಗ್ಗಿಸಬೇಕಾದಲ್ಲಿ ಎತ್ತಿ ನಿಂತರೂ, ಮಾತು ತನ್ನ ಕೆಲಸ ಮಾಡುತ್ತಲೇ ಇತ್ತು. ನನ್ನ ಬಾಯಿಂದಲೇ ಹೊರಟು ಯಾರದೋ ಮನೆಯ ಬಾಗಿಲಿಗೆ ಬೀಳುತ್ತಿತ್ತು. ಬಣ್ಣ ಹಚ್ಚಿಕೊಂಡು ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ಮುದುಕಿ ಬಂದು ಕುಳಿತಿದ್ದಳು. ಸೊಸೆ ಕಾಣಲಿಲ್ಲ.

ಕೊನೆಯ ದೃಶ್ಯ ಬಂತು. ಹುಕ್ಕೇರಿಯವಳು ಅತ್ತೆಯಾಗಿ ಸೊಸೆಯ ಚಿಂತೆಯಲ್ಲಿ ಎದೆ ಒಡೆದು ಸತ್ತು ಮಲಗಿದ್ದಳು. ನಾನು ಬಾಟಲಿ ಹಿಡಿದು ಅವಳ ಕಾಲ ಬಳಿ ನಿಂತೆ. ಪರದೆಯ ಹಿಂದಿನಿಂದ ಮಾತು ಹೇಳಿಕೊಡುವವನು ಶುರು ಮಾಡಿದ: “ಅತ್ತೀ, ನಾ ಪಾಪಿ…” ನಾನು ಬಾಯಿ ತೆರೆಯಲಿಲ್ಲ. ಮತ್ತೆ ಹೇಳಿದ. ಪೇಟಿ ಮಾಸ್ತರರು ಒಂದು ಸ್ವರ ಹಿಡಿದು ಎಳೆಯುತ್ತ ಕುಳಿತರು. ಮಂದಿ ಸುಮ್ಮನಾಯಿತು. ಅವಳು ಬರುವುದಿಲ್ಲ ಎಂದು ನನಗೆ ಗೊತ್ತಾಯಿತು. ಇನ್ನೊಂದು ಗಳಿಗೆ ನಿಂತರೆ ನಾನು ಮಾತು ಮರೆತೆ ಎಂದು ಜನ ಕೂಗುತ್ತಾರೆ, ಆಡಲೇಬೇಕಾಗುತ್ತದೆ.

ಅಷ್ಟರಲ್ಲಿ ಹಿಂದಿನ ಕತ್ತಲಿಂದ ಜನರನ್ನು ಸರಿಸುತ್ತ ಅವಳು ಬಂದಳು. ನೀಲಿ ಸೀರೆ, ಮೇಲೆ ಸ್ವೆಟರ್. ಡೇರಿಯಿಂದ ನೇರ ಬಂದಿದ್ದಳು. ಕೈಯಲ್ಲಿ ಜಂಪರಿನ ಒಂದು ಖಣ, ಅದರ ಮೇಲೆ ತೆಂಗಿನಕಾಯಿ. ನಾನು ಟಾವೆಲ್ಲೋ ಶಾಲೋ ತರುತ್ತಾಳೆ ಅಂದುಕೊಂಡಿದ್ದೆ. ಗುಜುಗುಜು ಎದ್ದಿತು. “ಗಂಡ ಸತ್ತಾಕಿ ಉಡಿ ತುಂಬಾಕ ಬಂದಾಳ ನೋಡವಾ” ಎಂದು ಯಾರೋ ಅಂದದ್ದು ನನಗೇ ಕೇಳಿಸಿತು. ಅವಳು ಮೆಟ್ಟಿಲು ಹತ್ತಿದಳು. ಮೈಕಿನ ಹುಡುಗ ಹೆಸರು ಕೂಗಲೋ ಬೇಡವೋ ಎಂದು ಕಣ್ಣು ಕಣ್ಣು ಬಿಡುತ್ತಿದ್ದ. ನಾನು ಬಾಟಲಿಯನ್ನು ನೆಲಕ್ಕಿಟ್ಟು ಸೆರಗು ಬಿಚ್ಚಿ ಉಡಿ ಒಡ್ಡಿದೆ.

ಕವಿಗಳು ಓಡಿ ಬಂದು ಮೈಕು ಕಸಿದುಕೊಂಡರು.

“ಈಗ ಆಯೇರಿ ಇಲ್ಲ! ಅತ್ತಿ ಸತ್ತ ದುಃಖದ ಸೀನ್ ಐತಿ. ಕೆಳಗ ಇಳೀರಿ, ಕೆಳಗ ಇಳೀರಿ!”

“ಯಾರ ಸತ್ತಾರೋ?”

ಹೆಂಗಸರ ಕಡೆಯಿಂದ ಬಂದ ಆ ದನಿಗೆ ಮೈಕು ಬೇಕಿರಲಿಲ್ಲ. ಮುದುಕಿ ಎದ್ದು ನಿಂತಿದ್ದಳು.

“ಏ ಮಾಸ್ತರಾ, ಯಾವ ಅತ್ತಿ ಸತ್ತಾಳೋ? ನಿಮ್ಮವ್ವ ಇಲ್ಲೇ ಕುಂತಾಳ, ಕಣ್ಣ ತಗದ ನೋಡು! ನನ್ನ ಸಾಯಿಸಿ ಆಕಿ ತಲೀಗೆ ಕಟ್ತೀಯೇನ? ದಿನಾ ನಸುಕಿನ್ಯಾಗ ಎದ್ದು ನನಗ ನೀರ ಕಾಸಿ ಇಟ್ಟ ಹೋಗಾಕಿ ಆಕಿ. ನೀ ಗ್ವಾಡಿ ದಾಟಿ ಒಂದ ದಿನಾ ಬಂದೀಯೇನ? ಡ್ರೈವರ್ ಅಂತ, ನಗೂದಂತ! ಹಾಲಿನ್ಯಾಗ ನೀರ ಹಾಕಿದ್ದು ಯಾರೋ? ನಿನ್ನ ಹೇ‌ಣ್ತಿ ಕ್ಯಾನಿಗೆ ಚರಿಗಿ ಬಗ್ಗಸೂದು ನಾ ಕಟ್ಟೀ ಮ್ಯಾಲ ಕುಂತು ಈ ಕಣ್ಲೇ ನೋಡೇನಿ. ಅದನ್ನ ಬರಿ, ನಾಟಕಾ ಆಡಸು, ನಾ ಮುಂದ ಕುಂತ ನೋಡ್ತೇನಿ!”

ಆಗ ಎದ್ದ ನಗುವಿಗೆ ಚಪ್ಪರ ಹಾರಿತೆಂದುಕೊಂಡೆ. ಸತ್ತು ಮಲಗಿದ್ದ ಹುಕ್ಕೇರಿಯವಳು ಎದ್ದು ಕುಳಿತು, ಸೆರಗು ಬಾಯಿಗೆ ಒತ್ತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಪೇಟಿ ಮಾಸ್ತರರು ಮಂಗಳದ ಹಾಡು ಎತ್ತಿಬಿಟ್ಟರು. ಕವಿಗಳ ಕೈಯಲ್ಲಿ ಮೈಕು ಹಾಗೇ ಇತ್ತು. ಮುಂದಿನ ಕುರ್ಚಿಯಲ್ಲಿದ್ದ ಸಂಘದ ಅಧ್ಯಕ್ಷರು ಎದ್ದು ಮೈಕು ತೆಗೆದುಕೊಂಡರು.

“ನಾಟಕಾ ಇಲ್ಲಿಗೆ ಸಾಕ್ರಿ. ನಾಳೆ ಮುಂಜಾನಿ ಹಾಲು ಯಾವಾಗಿನಂಗ ನಮ್ಮ ತಂಗೇನ ಅಳೀತಾಳ. ಹೊಸಾ ಮಷೀನೂ ಆಕೀನ ಕಲೀತಾಳ. ಮೀಟಿಂಗ್ ಗೀಟಿಂಗ್ ಏನೂ ಬ್ಯಾಡ.”

ಅವಳ ಹೆಸರು, ಗಂಡನ ಹೆಸರು, ಮನೆತನದ ಹೆಸರು ಎಲ್ಲವನ್ನೂ ಮೈಕಿನ ಹುಡುಗ ಎರಡೆರಡು ಸಲ ಕೂಗಿದ. ಅವಳು ನನ್ನ ಉಡಿಗೆ ಖಣ, ಕಾಯಿ ಹಾಕಿದಳು. ಗುಜುಗುಜು ಅಂದವರು ಯಾರೂ ಈಗ ಬಾಯಿ ಬಿಡಲಿಲ್ಲ.

ಬಣ್ಣದ ಕೋಣೆಯಲ್ಲಿ ನಾನು ಕೊಬ್ಬರಿ ಎಣ್ಣೆ ಹಚ್ಚಿ ಮುಖ ಒರೆಸಿಕೊಳ್ಳುತ್ತಿದ್ದೆ. ಆ ಸುತ್ತಿನ ಊರುಗಳಿಂದ ಇನ್ನು ಕರೆ ಬರುವುದು ಕಷ್ಟ ಎಂದು ಲೆಕ್ಕ ಹಾಕುತ್ತಿದ್ದೆ. ಹಾಗೆಯೇ ಆಯಿತು ಕೂಡ, ಆ ಹಂಗಾಮಿನಲ್ಲಿ ಗೊತ್ತಾಗಿದ್ದ ಎರಡು ನಾಟಕ ಕೈತಪ್ಪಿದವು. ಆ ಸೊಸೆ ಬಿಸಿನೀರಿನ ಬಕೆಟ್ಟು ತಂದಿಟ್ಟು ಬಾಗಿಲ ಹತ್ತಿರ ನಿಂತಳು.

“ಅತ್ತೀಗೆ ಮೊದಲಾ ಹೇಳಿಟ್ಟಿದ್ರೇನ್ರಿ? ಭಾರಿ ಮಾಡಿದ್ರು!” ಎಂದೆ.

“ಇಲ್ರಿ.” ತಲೆ ಅಲ್ಲಾಡಿಸಿದಳು. ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಳಿತಳು. “ಅವರು ಹೋದಾಗಿಂದ ಆಕಿ ನನ್ನ ಜೋಡಿ ನೆಟ್ಟಗ ಮಾತಾಡಿದ್ದಾ ಇಲ್ಲ. ಮಗನ್ನ ತಿಂದಾಕಿ ಅಂತ ಮನಸಿನ್ಯಾಗ ಅಂತಾಳ ಅಂತ ತಿಳದಿದ್ದೆ. ದಿನಾ ಕಟ್ಟೀ ಮ್ಯಾಲ ಕುಂದ್ರೂದು ನಾ ಎಷ್ಟೊತ್ತಿಗೆ ಬಂದೆ, ಯಾರ ಜೋಡಿ ಬಂದೆ ಅಂತ ನೋಡಿ ಮೈದುನಗ ಹೇಳಾಕ ಅನ್ಕೊಂಡಿದ್ದೆ. ಅನ್ನದ ಗಂಗಾಳ ಮುಂದ ಇಡೂವಾಗೂ ಆಕಿ ಮಾರಿ ನೋಡ್ತಿದ್ದಿಲ್ರಿ ನಾ. ಒಂದ ದಿನಾನೂ ನಂಬಲಿಲ್ಲ ಆಕಿನ್ನ.” ಅವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಅವಳಿಗೆ ಏನೆಂದು ಸಮಾಧಾನ ಹೇಳಲಿ? ಮಧ್ಯಾಹ್ನದಿಂದ ನಾನೂ ಆ ಮುದುಕಿಯನ್ನು ಚಾಡಿಕೋರಿ ಎಂದೇ ನೋಡಿದ್ದೆ. ಅರ್ಧ ಬಣ್ಣದ ಮುಖದಲ್ಲೇ ಅವಳ ಪಕ್ಕದಲ್ಲಿ ಕುಳಿತು ನಾನೂ ಅತ್ತೆ.

ಹೊರಗಿನಿಂದ ಮುದುಕಿಯ ದನಿ ಬಂತು.

“ಏ ಹುಡುಗೀ, ಎಷ್ಟೊತ್ತ ಅದು? ಆ ನಾಟಕದಾಕೀನ್ನೂ ಕರಕೊಂಡ ಬಾ. ನಾನೂ ಇನ್ನಾ ಉಂಡಿಲ್ಲ.”